ಗೋಮಾಳದ ಮೇಲಿನ ನಮ್ಮ ಮನೆ

ಯಲಹಂಕದ ಆಚೆ ನಾವು ಮನೆ ಕಟ್ಟಿಕೊಂಡಿರುವ ಬಡಾವಣೆಗೆ ದೊಡ್ಡ ಹೆಸರಿದೆ, ಕಮಾನಿದೆ, ಕಮಾನಿನ ಮೇಲೆ ಸಿಮೆಂಟಿನ ಆನೆಗಳಿವೆ. ಖಾತೆ ಮಾತ್ರ ಇಲ್ಲ. ಅಪ್ಪನಿಗೆ ಸೈಟು ಮಾರಿದವರು ಊರಿನ ಗೌಡರು. "ಖಾತೆ ಎಲ್ಲಾ ಆಯ್ತದೆ, ನಾನಿಲ್ವಾ" ಅಂದಿದ್ದರಂತೆ. ಗದಗಿನ ಕಡೆಯಿಂದ ಬಂದು, ಕಾರ್ಖಾನೆಯ ಪಾಳಿ ಕೆಲಸಕ್ಕೆ ಸೇರಿ, ಗಂಗಾನಗರದ ಬಾಡಿಗೆ ಮನೆಗಳಲ್ಲಿ ನೀರಿಗೂ ನೆಂಟರಿಗೂ ಓನರ್ ಹತ್ತಿರ ಬೈಸಿಕೊಂಡ ಮನುಷ್ಯನಿಗೆ ಅಷ್ಟು ಮಾತು ಸಾಕಾಗಿತ್ತು. ನಮ್ಮ ಬೀದಿಯ ತುಂಬ ಇಂಥವರೇ. ಹಾವೇರಿಯವರು, ಕೊಪ್ಪಳದವರು, ಬಾಗಲಕೋಟೆಯವರು. ಸಂಜೆಯಾದರೆ ಮನೆ ಮನೆಯಿಂದ ರೊಟ್ಟಿ ಬಡಿಯುವ ಸದ್ದು.

ನಮ್ಮ ಕಾಂಪೌಂಡಿನ ಹಿಂದೆ ಗೋಮಾಳ. ಊರಿನ ದನ ಮೇಯಲೆಂದು ಸರ್ಕಾರ ಕಾದಿರಿಸಿದ ಹುಲ್ಲುಗಾವಲು. ಅದನ್ನು ಒಂದು ಖಾಸಗಿ ಬಿಲ್ಡರ್ ಕಂಪನಿಗೆ ಮಾರುವ ಪ್ರಸ್ತಾಪ ಬಂತು. ಕಾರಣ ಏನು ಗೊತ್ತೇ? ಊರಿನಲ್ಲಿ ದನ ಕಡಿಮೆಯಾಗಿವೆ, ಇರುವ ದನಕ್ಕೆ ತಕ್ಕಷ್ಟು ಜಾಗ ಬಿಟ್ಟರೆ ಸಾಕು! ಸುತ್ತಲಿನ ಹೊಲಗಳನ್ನೆಲ್ಲ ಸೈಟು ಮಾಡಿ, ದನ ಕಟ್ಟಲು ಜಾಗವಿಲ್ಲದಂತೆ ಮಾಡಿದವರೇ ಈಗ ದನ ಎಲ್ಲಿವೆ ಎಂದು ಕೇಳುತ್ತಿದ್ದರು. ಗ್ರಂಥಾಲಯಕ್ಕೆ ಬೀಗ ಜಡಿದು, ಓದುವವರೇ ಬರುತ್ತಿಲ್ಲವೆಂದು ಕಟ್ಟಡ ಮಾರಿದ ಹಾಗೆ.

ನಮಗೆ ಹಾಲು ಹಾಕುವ ಅಜ್ಜಿಯ ಹಸುಗಳು ಮೇಯುವುದು ಅಲ್ಲೇ. ಒಂದು ಬೆಳಿಗ್ಗೆ ಪಾತ್ರೆಗೆ ಹಾಲು ಅಳೆಯುತ್ತ ಅವಳೇ ಅಂದಳು, "ಇಸ್ಕೂಲತ್ರ ಸಭೆ ಮಡಗವ್ರಂತೆ. ನೀನು ಕಾಲೇಜಲ್ಲಿ ಅದೇನೋ ವಾದ ಮಾಡಿ ಕಪ್ಪು ತರ್ತಿದ್ದಲ್ಲವ್ವ, ಓಗಿ ಮಾತಾಡು. ನಾನ್ ಏಳುದ್ರೆ ಎಮ್ಮೆ ಕೂಗ್ದಂಗೆ ಅಂತಾರೆ."

ಮಾತಾಡುತ್ತೇನೆ ಎಂದೆ. ಇಷ್ಟು ಸಡಿಲ ವಾದವನ್ನು ಕೆಡವಲು ಸಿದ್ಧತೆಯೂ ಬೇಕಿಲ್ಲ ಅನಿಸಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದ, "ಸಭಾಕ್ಕ ಹೊಂಟೀಯಂತ?"

"ಹೂಂ. ಗೋಮಾಳ ಮಾರಬಾರ್ದು ಅಂತ ಹೇಳ್ತೀನಿ."

"ನಾವು ಕುಂತದ್ದು ಯಾವುದರ ಮ್ಯಾಲ, ಗೊತ್ತೈತಿ?"

ಗೊತ್ತಿರಲಿಲ್ಲ. ನಮ್ಮ ಬಡಾವಣೆಯೂ ಅದೇ ಗೋಮಾಳದ ಅಂಚು ಕತ್ತರಿಸಿ ಮಾಡಿದ್ದು. ಈಗಿನ ಪ್ರಸ್ತಾಪದಲ್ಲಿ ಎರಡು ಮಾತು ಒಟ್ಟಿಗಿದ್ದವು. ಉಳಿದ ಹುಲ್ಲುಗಾವಲು ಕಂಪನಿಗೆ, ಆಗಲೇ ಎದ್ದಿರುವ ಮನೆಗಳು ಸಕ್ರಮ. ಒಂದು ಬಿದ್ದರೆ ಇನ್ನೊಂದೂ ಬೀಳುತ್ತದೆ.

"ತಗೊಳ್ಳೋವಾಗ ಗೊತ್ತಿತ್ತಾ ನಿನಗೆ?"

"ನಾ ಕೇಳಾಕ ಹೋಗಲಿಲ್ಲ," ಅಂದ ಅಪ್ಪ. "ಕೇಳಿದ್ರ ಗೊತ್ತಾಗತಿತ್ತು. ಗೊತ್ತಾಗಿದ್ರ ತಗೊಳ್ಳಾಕ ಆಗತಿರಲಿಲ್ಲ."

ಅವ್ವ ಇಬ್ಬರ ತಟ್ಟೆಗೂ ಸಾರು ಬಡಿಸಿ ಒಳಗೆ ಹೋದಳು.

ಸಭೆಯ ದಿನ ಶಾಲೆಯ ಹಾಲ್ ತುಂಬಿತ್ತು. ಮುಂದೆ ತಹಶೀಲ್ದಾರರು, ಅವರ ಪಕ್ಕದ ಕುರ್ಚಿಯಲ್ಲಿ ಗೌಡರು. ಗೋಮಾಳಕ್ಕೆ ಹೊಂದಿಕೊಂಡೇ ಅವರ ಸ್ವಂತ ಹೊಲವಿದೆ. ಕಂಪನಿ ಬಂದರೆ ಅದರ ಮುಂದೆ ದೊಡ್ಡ ರಸ್ತೆ ಬರುತ್ತದೆ. "ಈ ಊರಿನ ನಿವಾಸಿಗಳ ಆಕ್ಷೇಪಣೆ ಮಾತ್ರ ತಗೋತೀವಿ. ಹೊರಗಿನವ್ರು ದಯವಿಟ್ಟು ಕೂತ್ಕೊಳ್ಳಿ" ಎಂದು ತಹಶೀಲ್ದಾರರು ಮೊದಲೇ ಹೇಳಿದರು.

ನಾನು ಎದ್ದು ನಿಂತೆ. ದನ ಕಡಿಮೆಯಾದದ್ದು ಏಕೆ, ಕಾದಿರಿಸಿದ ಜಾಗವನ್ನು ಮಾರಬಹುದಾದರೆ ಕಾದಿರಿಸುವುದು ಎಂದರೇನು, ಇವತ್ತು ಗೋಮಾಳವಾದರೆ ನಾಳೆ ಕೆರೆ ಯಾಕಾಗಬಾರದು. ಮೇಲೆ ವಾಯುಪಡೆಯ ವಿಮಾನ ಹೋದಾಗ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸಿದೆ. ಹಿಂದಿನಿಂದ ಯಾರೋ "ಸೂಪರ್ ಅಕ್ಕ" ಎಂದರು.

ಗೌಡರು ನಗುತ್ತಲೇ ಕೈ ಎತ್ತಿದರು. "ಸಾರ್, ಮಗ ಚೆಂದಾಗ್ ಮಾತಾಡ್ತದೆ. ಯಾವೂರು ಅಂತ ಒಸಿ ಕೇಳಿ."

"ಇದೇ ಊರು," ಅಂದೆ.

"ಇದೇ ಊರಲ್ಲಿ ಎಲ್ಲವ್ವ? ಮನೆ ಎಲ್ಲೈತೆ, ಏಳು. ಸಾಹೇಬ್ರು ಬರ್ಕತಾರೆ."

ಎದುರಾಳಿಯನ್ನು ಎರಡು ಉತ್ತರಗಳ ನಡುವೆ ಸಿಕ್ಕಿಸು, ಎರಡರಲ್ಲೂ ಅವನು ಸೋಲಲಿ: ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟರು ನನಗೆ ಕಲಿಸಿದ್ದು ಇದನ್ನೇ. ಗೌಡರಿಗೆ ಯಾರೂ ಕಲಿಸಿರಲಿಲ್ಲ. ಈ ಊರಿನವಳಲ್ಲ ಎಂದರೆ ನನಗೆ ಮಾತಾಡುವ ಹಕ್ಕಿಲ್ಲ. ಹೌದು ಎಂದರೆ, ನನ್ನನ್ನು ಈ ಊರಿನವಳನ್ನಾಗಿ ಮಾಡಿರುವುದು ಅದೇ ಗೋಮಾಳದ ಮೇಲಿನ ಮನೆ.

ಮನೆ ನಂಬರ್ ಹೇಳಿದೆ. "ನಾವಿರೋದೂ ಗೋಮಾಳದ ಮೇಲೇ. ಒಂದ್ಸಲ ಕತ್ತರಿಸಿದ್ದು ಮತ್ತೆ ಹುಲ್ಲಾಗಲ್ಲ ಸಾರ್. ಉಳಿದಿದ್ದನ್ನಾದ್ರೂ ಬಿಡಿ."

ತಹಶೀಲ್ದಾರರು ಪೆನ್ನು ಎತ್ತಿದರು. "ಅಂದ್ರೆ ನಿಮ್ಮ ಮನೆ ಒತ್ತುವರಿ ಅಂತ ನೀವೇ ಒಪ್ಕೊಳ್ತಿದ್ದೀರಾ? ಬರ್ಕೊಳ್ಲಾ?"

"ಬರ್ಕೊಳ್ಳಿ."

ಹಿಂದೆ ಕುರ್ಚಿಗಳ ಗದ್ದಲವೆದ್ದಿತು. ನಮ್ಮ ಬೀದಿಯ ಹಾವೇರಿಯ ಅತ್ತಿ ಎದ್ದು ಕೂಗಿದಳು, "ಏ, ನಿಮ್ಮನಿ ಅಷ್ಟ ಬರಸವಾ! ನಮ್ಮನಿ ಯಾಕ ಬರಸ್ತಿ?"

ಆಗ ಅಪ್ಪ ಎದ್ದ. ಅವನು ಬಂದದ್ದೇ ನನಗೆ ಗೊತ್ತಿರಲಿಲ್ಲ. "ಸಾಹೇಬ್ರ, ಅದ ಮನಿ ನಂಬರ್. ನಂದೂ ಬರಕೋರಿ."

"ನೀವೂ ವಿರೋಧನಾ?"

"ಅಲ್ರಿ. ಕಂಪನಿಗೆ ಕೊಡ್ರಿ ಅಂತ ಬರಕೋರಿ. ನನಗ ಮನಿ ಬೇಕು."

ನನ್ನತ್ತ ನೋಡದೆ ಕೂತ. ಚರ್ಚಾಸ್ಪರ್ಧೆಗೆ ಪ್ರತಿ ಕಾಲೇಜಿನಿಂದ ಇಬ್ಬರು ಬರುತ್ತಾರೆ, ಒಬ್ಬರು ಪರ, ಒಬ್ಬರು ವಿರೋಧ. ಅಂಕ ಇಬ್ಬರದೂ ಸೇರಿಸಿ ಲೆಕ್ಕ. ನಾನೂ ಅಪ್ಪನೂ ಅವತ್ತು ಒಂದೇ ತಂಡದಂತೆ ಕಂಡಿರಬೇಕು. ಗೌಡರಂತೂ ತೊಡೆ ತಟ್ಟಿಕೊಂಡು ನಕ್ಕರು. "ಬಲೇ ಸಂಸಾರ ಕಣಪ್ಪ ನಿಂದು!"

ಆದೇಶ ಇನ್ನೂ ಬಂದಿಲ್ಲ. ಹಾವೇರಿಯ ಅತ್ತಿ ಅವ್ವನ ಜೊತೆ ಮಾತು ಬಿಟ್ಟಿದ್ದಾಳೆ. ನಾನು ಗೆದ್ದರೆ, ಒತ್ತುವರಿ ಎಂದು ನಾನೇ ಬರೆಸಿದ ಮನೆಯಲ್ಲಿ ಯಾವತ್ತು ಕೆಡವುವ ಯಂತ್ರ ಬರುತ್ತದೋ ಎಂದು ಕಾಯುತ್ತ ಇರಬೇಕು. ಅಪ್ಪ ಗೆದ್ದರೆ, ಒಂದಿಡೀ ಹುಲ್ಲುಗಾವಲು ತೆತ್ತು ಪಡೆದ ಖಾತೆಯ ಮನೆಯಲ್ಲಿ ಇರಬೇಕು. ಬಿಟ್ಟು ಹೋಗೋಣವೆಂದರೆ, ಖಾತೆಯಿಲ್ಲದ ಮನೆಯನ್ನು ಕೊಳ್ಳುವವರು ಯಾರು?

ಕಳೆದ ಭಾನುವಾರ ತಾರಸಿಯ ನೀರಿನ ಟ್ಯಾಂಕಿನ ಪೈಪು ಸೋರುತ್ತಿತ್ತು. ಅಪ್ಪ ಏಣಿ ಹತ್ತಿದ, ನಾನು ಕೆಳಗೆ ಹಿಡಿದುಕೊಂಡೆ.

"ಅಪ್ಪ, ನಾನು ಹೇಳಿದ್ದನ್ನ ವಾಪಸ್ ತಗೊಳ್ಲಾ?"

"ತಗೋತಿ?"

"ಇಲ್ಲ."

"ನಾನೂ ತಗೊಳಂಗಿಲ್ಲ. ಸ್ಪ್ಯಾನರ್ ಕೊಡಿಲ್ಲೆ."

ಕೊಟ್ಟೆ. ಪೈಪು ಬಿಗಿ ಮಾಡುತ್ತಿದ್ದವನು ತಡೆದು ಕಾಂಪೌಂಡಿನ ಆಚೆ ನೋಡಿದ. "ಯಾರೋ ಕಲ್ಲು ನೆಡಾಕತ್ತಾರ."

"ಎಲ್ಲಿ? ಗೋಮಾಳದ ಕಡೆನಾ, ನಮ್ಮ ಕಡೆನಾ?"

"ಇಲ್ಲಿಂದ ತಿಳಿವಲ್ದು," ಅಂದ ಅಪ್ಪ. "ನೀ ಏಣಿ ಬಿಡಬ್ಯಾಡ."