ಮೊದಲ ಸಾಲಿಗೆ ಬರಬೇಕಾದ ಮಾತು

ಇಕಾಮಾದ, ಅಂದರೆ ಈ ಕೊಲ್ಲಿ ದೇಶದ ವಾಸದ ಪರವಾನಗಿಯ, ಹಳೆಯ ಕಾಗದಗಳನ್ನು ಹುಡುಕುತ್ತಿದ್ದಾಗ ಹೋದ ವಾರ ಫೈಲಿನ ತಳದಿಂದ ಒಂದು ರೂಲು ಹಾಳೆ ಹೊರಬಂತು. ನೀಲಿ ಶಾಯಿಯಲ್ಲಿ ನನ್ನ ಕೈಬರಹ, ಅದರ ಮೇಲೆ ಕೆಂಪು ಶಾಯಿಯ ತಿದ್ದುಪಡಿ. ರೂಮು ಬಾಡಿಗೆಗಿದೆ ಎಂದು ಇಂಗ್ಲಿಷಿನಲ್ಲಿ ಬರೆದ ನೋಟೀಸಿನ ಕರಡು ಅದು. ಇಪ್ಪತ್ತು ವರ್ಷ ದಾಟಿತು, ನೀಲಿ ಮಸುಕಾಗಿದೆ. ಕೆಂಪು ಮಾತ್ರ ಹಾಗೇ ಇದೆ…

ತಿದ್ದಿದವರು ನಮ್ಮ ಎದುರು ಮನೆಯ ಟೀಚರ್. ಮೈದಾನ್ ಹವಲ್ಲಿಯ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಧಾರವಾಡದ ಕಡೆಯ ನಾವು, ಎದುರಿಗೆ ಅಮೆರಿಕದ ಅವರು. ಅರವತ್ತರ ಹತ್ತಿರದ, ಒಬ್ಬರೇ ಇದ್ದ ಕಪ್ಪು ಹೆಂಗಸು. ಬೋರ್ಡಿನಲ್ಲಿ ‘ಅಮೆರಿಕನ್’ ಎಂದು ಬರೆಸಿಕೊಂಡ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಆ ಶಾಲೆಯ ಬಿಳಿ ಟೀಚರುಗಳಿಗೆ ಸಮುದ್ರದ ದಂಡೆಯಲ್ಲಿ ಮನೆ. ಇವರಿಗೆ ಮಾತ್ರ ಅಲ್ಲಿ ಜಾಗ ಖಾಲಿಯಿರಲಿಲ್ಲವಂತೆ. ಅದನ್ನು ಅವರು ನಗುತ್ತಲೇ ಹೇಳಿದ್ದರು.

ಸಂಜೆ ನನ್ನ ಮಗಳಿಗೆ ಇಂಗ್ಲಿಷ್ ಹೇಳಿಕೊಡಲು ಬರುತ್ತಿದ್ದರು. ದುಡ್ಡು ಬೇಡ, ಜೋಳದ ರೊಟ್ಟಿ ಸಾಕು ಅನ್ನುವರು. ಡಾಕ್ಟರು ಹೇಳಿದ್ದಕ್ಕೆ ಮಾಂಸ ಬಿಟ್ಟು ವರ್ಷಗಳಾಗಿದ್ದವು. ಬದನೆಕಾಯಿ ಎಣ್ಣೆಗಾಯಿ ಅಂದರೆ ಪ್ರಾಣ.

ರೊಟ್ಟಿ ಮುರಿಯುತ್ತ ತಮ್ಮೂರಿನ ಮಾತು ತೆಗೆಯುವರು. ಅವರು ಕಲಿತ ಶಾಲೆಯಲ್ಲಿ ಕಪ್ಪು ಮಕ್ಕಳು ಮಾತ್ರ. ಪುಸ್ತಕಗಳು ಬಿಳಿಯರ ಶಾಲೆ ಓದಿ ಬಿಸಾಕಿದವು. ಒಳರಟ್ಟಿನಲ್ಲಿ ಹೆಸರು ಬರೆಯುವ ಗೆರೆಗಳೆಲ್ಲ ಮೊದಲೇ ತುಂಬಿರುತ್ತಿದ್ದವಂತೆ. ಒಳ್ಳೆಯ ಶಾಲೆಯ ಹತ್ತಿರ ಮನೆ ಹಿಡಿಯಬೇಕೆಂದು ಅವರಪ್ಪ ಭಾನುವಾರದ ಕೋಟು ತೊಟ್ಟು ಬೀದಿ ಬೀದಿ ತಿರುಗಿದರಂತೆ. ಬಾಗಿಲು ತೆರೆದವರು ಮುಖ ನೋಡಿ, ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಅನ್ನುವರು. ಬಾಡಿಗೆಯ ಬೋರ್ಡು ಮರುದಿನವೂ ಅಲ್ಲೇ ಇರುತ್ತಿತ್ತು. ಇದನ್ನೆಲ್ಲ ಕೇಳಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದೆ. ಎಂಥ ಮಂದಿ ಅಂತ ಆ ಬಿಳಿಯರನ್ನು ಬಾಯಿತುಂಬ ಬೈದಿದ್ದೆ.

ಆ ವರ್ಷ ಕೆಲವು ಪಾಲಕರು ಶಾಲೆಗೆ ಹೋಗಿ, ನಾವು ಫೀಸು ಕಟ್ಟುವುದು ಅಸಲಿ ಅಮೆರಿಕನ್ನರಿಗೆ ಎಂದು ತಕರಾರು ಮಾಡಿದರು. ಶಾಲೆಯವರು ಟೀಚರನ್ನು ತರಗತಿಯಿಂದ ತೆಗೆದು ಲೈಬ್ರರಿಗೆ ಹಾಕಿದರು, ಮನೆಬಾಡಿಗೆ ಕೊಡುವುದನ್ನೂ ನಿಲ್ಲಿಸಿದರು. ಅಮೆರಿಕದಲ್ಲಿ ಮೊಮ್ಮಗಳು ಇವರ ಸಂಬಳದ ಮೇಲೆ ಕಾಲೇಜು ಓದುತ್ತಿದ್ದಳು. ತಿಂಗಳೊಳಗೆ ಸಣ್ಣದೊಂದು ರೂಮು ಸಿಗದಿದ್ದರೆ ಕೆಲಸ ಬಿಟ್ಟು ಹೋಗುವುದೇ ಗತಿ.

ಅದೇ ವಾರ ನಮ್ಮ ಮನೆಯ ಒಂದು ರೂಮಿನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ನರ್ಸ್ ಖಾಲಿ ಮಾಡಿದ್ದಳು. ಟೀಚರ್ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಪಾಠ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದರು.

ಮೀನಾ ಅಬ್ದುಲ್ಲಾದ ರಿಫೈನರಿಯಿಂದ ಡ್ಯೂಟಿ ಮುಗಿಸಿ ಬಂದ ನಮ್ಮ ಮನೆಯವರು ಅಂದರು, “ಟೀಚರ್ ಕೇಳೇ ಕೇಳತಾರ ನೋಡು. ಹೆಂಗ ಬ್ಯಾಡ ಅನ್ನೋದು? ಅವರನ್ನ ಇಟಗೊಂಡ್ವಿ ಅಂದ್ರ ಮಂದಿ ನಮ್ಮ ಮನಿಗೆ ಬರೋದು ಬಿಡ್ತಾರ.”

ಮಂದಿ ಅಂದರೆ ನಮ್ಮವರೇ. ತಪ್ಪನ್ನೆಲ್ಲ ನಮ್ಮ ಮನೆಯವರ ತಲೆಗೆ ಕಟ್ಟಲಾರೆ. ಉಪಾಯ ಹೊಳೆದದ್ದು ನನಗೆ. ಲಿಫ್ಟಿನ ಪಕ್ಕ ಅಂಟಿಸಲು ನೋಟೀಸು ಬರೆದೆ. ಸಸ್ಯಾಹಾರಿಗಳಿಗೆ ಮಾತ್ರ ಎಂದು ಮುಗಿಸಿದ ಮೇಲೆ ನೆನಪಾಯಿತು, ಟೀಚರೂ ಮಾಂಸ ತಿನ್ನುವುದಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಇಂಡಿಯನ್ನರಿಗೆ ಮಾತ್ರ. ಆಮೇಲೆ ಹಾಳೆ ಹಿಡಿದುಕೊಂಡು ಅವರದೇ ಬಾಗಿಲು ತಟ್ಟಿ, ಇಂಗ್ಲಿಷ್ ಸ್ವಲ್ಪ ತಿದ್ದಿಕೊಡಿ ಅಂದೆ. ಅವರು ಕೇಳುವ ಮೊದಲೇ ಓದಿಕೊಂಡುಬಿಡಲಿ, ಮುಖಕ್ಕೆ ಇಲ್ಲವೆನ್ನುವ ಕೆಲಸ ನನಗೆ ತಪ್ಪಲಿ ಅಂತ.

ಟೀಚರ್ ಕನ್ನಡಕ ಹಾಕಿಕೊಂಡು ಕೆಂಪು ಪೆನ್ನು ತೆಗೆದರು. ಸ್ಪೆಲಿಂಗ್ ತಿದ್ದಿದರು, ಬಿಟ್ಟುಹೋದ ಅಕ್ಷರ ಕೂಡಿಸಿದರು. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಆಮೇಲೆ ಅದರ ಸುತ್ತ ಗೆರೆ ಎಳೆದು, ಅಲ್ಲಿಂದ ಹಾಳೆಯ ನೆತ್ತಿಯವರೆಗೆ ಒಂದು ಬಾಣ ಹಾಕಿದರು. ನನಗೆ ತಿಳಿಯಲೆಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು:

“ಇದು ಮೊದಲ ಸಾಲಿನಲ್ಲಿ ಬರಬೇಕು. ಕೊನೆಯಲ್ಲಿ ಬರೆದರೆ ಜನ ಸುಮ್ಮನೆ ಮೆಟ್ಟಿಲು ಹತ್ತುತ್ತಾರೆ. ನನ್ನ ಅಪ್ಪ ಬಹಳ ಹತ್ತಿದ್ದಾರೆ.”

ನಾನು ಥ್ಯಾಂಕ್ಸ್ ಅಂದೆ. ಹೌದು, ಥ್ಯಾಂಕ್ಸ್ ಅಂದೆ.

ತಿಂಗಳ ಕೊನೆಗೆ ಅವರು ಹೊರಟರು. ಮಗಳಿಗೆ ತಮ್ಮ ಡಿಕ್ಷನರಿ ಕೊಟ್ಟರು, ನನ್ನ ಕೈ ಕುಲುಕಿದರು, ಅಷ್ಟೇ. ರೂಮಿಗೆ ಉಡುಪಿ ಕಡೆಯ ಗಂಡ ಹೆಂಡತಿ ಬಂದರು. ಸಸ್ಯಾಹಾರಿಗಳೆಂದು ಹೇಳಿಕೊಂಡಿದ್ದವರು ಮೂರನೇ ವಾರ, ನಾವಿಲ್ಲದಾಗ, ನಮ್ಮ ಒಲೆಯ ಮೇಲೇ ಬಂಗುಡೆ ಹುರಿದರು. ನಾವು ಕಿಟಕಿ ತೆರೆದಿಟ್ಟೆವು. ಅವರನ್ನೇ ಇಟ್ಟುಕೊಂಡೆವು.

ಟೀಚರ್ ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ… ವಿಳಾಸ ನಾನು ಕೇಳಿಟ್ಟುಕೊಳ್ಳಲಿಲ್ಲ. ಮೊಮ್ಮಗಳ ಓದು ಏನಾಯಿತೋ ಅದೂ ಗೊತ್ತಿಲ್ಲ. ಈಗ ಕ್ಷಮೆ ಕೇಳುತ್ತೇನೆಂದರೂ ಕೇಳಿಸಿಕೊಳ್ಳುವವರಿಲ್ಲ.

ಹಾಳೆಯನ್ನು ಮಗಳಿಗೆ ತೋರಿಸಿದೆ. ಅವಳೀಗ ಹವಲ್ಲಿಯಲ್ಲೇ ಕೆಲಸದಲ್ಲಿದ್ದಾಳೆ. ಕೆಂಪು ಅಕ್ಷರವನ್ನು ನೋಡಿದೊಡನೆ ಗುರುತು ಹಿಡಿದಳು. ಬಾಣದ ಗುಂಟ ಬೆರಳು ಆಡಿಸಿ, ಎಂದಿನ ತನ್ನ ಇಂಗ್ಲಿಷಿನಲ್ಲಿ ಅಂದಳು: “ಮಮ್ಮಿ, ಯೂ ಟೋಲ್ಡ್ ಮಿ ದ ರೂಮ್ ವಾಸ್ ಟೂ ಸ್ಮಾಲ್ ಫಾರ್ ಹರ್.”

“ಇಲ್ಲವ್ವಾ,” ಅಂದೆ. “ರೂಮು ದೊಡ್ಡದೇ ಇತ್ತು.”