ಬಿ ಗುಂಪಿನ ಬಾಣಂತಿ

ಮೊದಲ ಮೊಮ್ಮಗಳು ಹುಟ್ಟಿದಾಗ ನಾನು ಆನವಟ್ಟಿ ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಹಿಡಿದು ಅವಳ ಮೂಗು, ಕಿವಿ, ಬೆರಳುಗಳ ವರ್ಣನೆ ಮಾಡುತ್ತಿದ್ದೆ. ಕೇಳಿದವರಿಗೆ ಬೇಜಾರಾಯಿತೋ ಏನೋ, ನನಗಂತೂ ಆಗಲಿಲ್ಲ. ಅಂಥ ಸಂತೋಷದ ನಡುವೆ ನನ್ನ ತಲೆ ಕೆಡಿಸಿದ್ದು ಅಳಿಯ ತಂದ ಒಂದು ಹಾಳೆ.

ಅಳಿಯನವರದು ಶಿಕಾರಿಪುರದಲ್ಲಿ ಕಿರಾಣಿ ಅಂಗಡಿ. ಮಗಳು ಬಾಣಂತನಕ್ಕೆ ಸೊರಬದ ಕಡೆ ನಮ್ಮೂರಿಗೆ ಬಂದಿದ್ದಳು. ಒಂದು ಭಾನುವಾರ ಮಗು ನೋಡಲು ಬಂದ ಅಳಿಯ, ಮಗುವನ್ನು ಎತ್ತಿಕೊಳ್ಳುವ ಮೊದಲೇ ಜೇಬಿನಿಂದ ಹಾಳೆ ತೆಗೆದರು.

"ಅತ್ತೆ, ನಿಮ್ಮ ಮಗಳ ರಕ್ತ ಬಿ ಗ್ರೂಪು. ಈ ರಕ್ತದೋರಿಗೆ ಕೊಬ್ರಿ, ಎಳ್ಳು, ಶೇಂಗಾ, ಗೋಧಿ, ತೊಗರಿಬ್ಯಾಳಿ ಯಾವುದೂ ಆಗಂಗಿಲ್ಲಂತ. ದಾವಣಗೆರೆ ಗೆಳೆಯ ಪುಸ್ತಕ ನೋಡಿ ಬರ್ಕೊಟ್ಟಾನ."

"ಬಾಣಂತಿಗೆ ಕೊಬ್ರಿ ಬ್ಯಾಡ ಅಂದ್ರೆ ಅಂಟಿನುಂಡೆ ಯಾತರಲ್ಲಿ ಕಟ್ಲಿ? ಹಂಗಾದ್ರೆ ನಿಮ್ಮ ಅಂಗಡೀಲಿರೋ ಕೊಬ್ರಿ ಚೀಲ ಯಾರಿಗೆ?"

"ಅದನ್ನ ಬ್ಯಾರೆ ಗ್ರೂಪಿನೋರಿಗೆ ಮಾರ್ತೀನಿ," ಎಂದರು, ನಗದೆ.

ನಾನು ಅಂಟು ಹುರಿದು, ಉತ್ತತ್ತಿ ಬಿಡಿಸಿ, ಕೊಬ್ಬರಿ ತುರಿದು ತುರಿದು ಬೆರಳು ಸವೆಸಿಕೊಂಡು ಡಬ್ಬಿ ತುಂಬ ಉಂಡೆ ಕಟ್ಟಿಟ್ಟಿದ್ದೆ. ಮಗಳು ಅದರತ್ತ ತಿರುಗಿಯೂ ನೋಡದಾದಳು. "ನಾ ತಿಂದಿದ್ದು ಹಾಲಿನಾಗೆ ಹೋಗಿ ಮಗೂಗೆ ಏನಾದ್ರೂ ಆದ್ರೆ ಏನವ್ವಾ ಮಾಡ್ಲಿ?" ಎಂದು ಅಳುವುದು ಬೇರೆ. ಬೇಳೆ ಸಾರೂ ಬೇಡ, ಚಪಾತಿಯೂ ಬೇಡ. ಅನ್ನ, ತುಪ್ಪ, ಮೆಣಸಿನ ಪುಡಿಯಲ್ಲಿ ವಾರ ಕಳೆಯಿತು. ಹಾಲು ಕಡಿಮೆಯಾಯಿತು. ಕೂಸು ಎದೆ ಕಚ್ಚಿ ಎಳೆದು, ಏನೂ ಸಿಗದೆ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು.

ಮುಂದಿನ ಭಾನುವಾರ ಅಳಿಯ ಬಂದು ಕೂತದ್ದೇ ಕೇಳಿದೆ. "ಆಗದೇ ಇರೋದು ಹೇಳಿದ್ರಿ. ಆಗೋದು ಏನಂತ ಬರೆದೈತೆ, ಅದನ್ನೂ ಓದ್ರಲ್ಲ."

ಹಾಳೆ ತಿರುಗಿಸಿದರು. ದನಿ ಇಳಿಯಿತು. "ಹಾಲು, ಮೊಸರು... ಮತ್ತ ಕುರಿ ಮಾಂಸ ಭಾಳ ಚಲೋ ಅಂತ."

ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಮೊಟ್ಟೆ ಕೂಡ ಹೊಸಿಲು ದಾಟಿದ್ದಿಲ್ಲ.

"ಕುರಿ ಕೊಯ್ಯೋರು ಯಾರು? ನೀವೋ, ನಿಮ್ಮ ಮಾವನೋರೋ?"

"ಛೇ ಛೇ ಅತ್ತೆ, ಆ ಸಾಲು ಬಿಟ್ಟುಬಿಡೋಣ."

"ಅದನ್ನ ಬಿಡೋಕೆ ಬರ್ತದೆ, ಕೊಬ್ರಿ ಸಾಲು ಬಿಡೋಕೆ ಬರಲ್ವಾ?"

ಅಳಿಯ ಹಾಳೆ ಮಡಚಿ ಜೇಬಿಗಿಟ್ಟರು. ಸಿಟ್ಟಿನಲ್ಲೇ ಒಳಗೆ ಹೋಗಿ ಚಹಾ ತಂದೆ. ಅಳಿಯ ಬಂದಾಗ ಬರಿ ಚಹಾ ಕೊಡುವುದುಂಟೆ? ತಟ್ಟೆಯಲ್ಲಿ ಉಂಡೆಯೂ ಇಟ್ಟೆ. ಪಾಪ, ಬಸ್ಸಿನಲ್ಲಿ ಹಸಿದು ಬಂದಿದ್ದರು. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು.

ಕೋಣೆಯ ಬಾಗಿಲಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗಳು ನೋಡುತ್ತಲೇ ಇದ್ದಳು.

"ರೀ, ನಿಮ್ಮ ರಕ್ತ ಯಾವ ಗ್ರೂಪು?"

"ನಂದೂ ಬಿ. ಆಸ್ಪತ್ರ್ಯಾಗ ಇಬ್ರದೂ ಒಟ್ಟಿಗೇ ನೋಡಿದ್ರಲ್ಲ..." ಎಂದವರು ಅಲ್ಲಿಗೇ ನಿಂತರು. ಅರ್ಧ ಉಂಡೆ ಕೈಯಲ್ಲಿ, ಉಳಿದರ್ಧ ಬಾಯಲ್ಲಿ.

"ಗಂಡಸರ ಬಿ ಬ್ಯಾರೆ ಅಂತ ಬರೆದೈತಾ ಅದ್ರಾಗೆ?" ಎಂದಳು ಮಗಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. "ಅವ್ವಾ, ಆ ಡಬ್ಬಿ ಇತ್ತ ತಾ."

ಎದ್ದು ಓಡಿದೆ. ಆಗಿನ ನನ್ನ ಓಟ ಯಾರಾದರೂ ನೋಡಬೇಕಿತ್ತು.

ಬೇಳೆ ಸಾರು, ಉಂಡೆ ಮತ್ತೆ ಶುರುವಾದವು. ಹಾಲು ಮೆಲ್ಲಗೆ ಏರಿತು. ಕೂಸು ಕುಡಿದು, ತುಟಿಯ ಮೂಲೆಯಲ್ಲಿ ಹಾಲು ಸುರಿಸಿಕೊಂಡು ನಿದ್ದೆ ಹೋಗುವುದನ್ನು ನೋಡುತ್ತ ನಾನು ಒಲೆಯ ಮೇಲಿಟ್ಟದ್ದನ್ನು ಸೀಯಿಸುತ್ತಿದ್ದೆ. ಅಳಿಯ ಆಮೇಲೆ ಬಂದಾಗ ಕೊಬ್ಬರಿ ಚೀಲ ಹೊತ್ತು ಬಸ್ಸಿಳಿದರು.

ಮೊಮ್ಮಗಳ ರಕ್ತ ಯಾವ ಗುಂಪಿನದು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.