ಆರು ದನಿಗೆ ಐದು ಗೋಡೆ

ಬೆಳಿಗ್ಗೆ ಐದೂವರೆ. ಗಂಟಲು ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿದೆ, ಫ್ಯಾನು ನಿಂತಿದೆ. ಪಕ್ಕದ ಲಿಫ್ಟು ಗುಡುಗಲು ಶುರುವಾಗುವ ಮುಂಚೆ ಕೆಲಸ ಮುಗಿಯಬೇಕು. ಮೈಕಿನ ಮುಂದೆ ಬೇಕರಿಯಲ್ಲಿ ದುಡಿಯುವ ಹೆಂಗಸೊಬ್ಬರು ಕೂತಿದ್ದಾರೆ. ಒಂಬತ್ತಕ್ಕೆ ಅವರ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಗುತ್ತದೆ. ದನಿ ತುಂಬಿಸಿಡುವ ಪೆಟ್ಟಿಗೆಯಲ್ಲಿ ಅವರ ಪಾಲಿಗೆ ಉಳಿದಿರುವುದು ಒಂದೇ ಸಾಲಿನ ಜಾಗ. ಕೈಯಲ್ಲಿರುವ ಚೀಟಿಯಲ್ಲಿ ಮಾತ್ರ ಎರಡು ಸಾಲುಗಳಿವೆ: ಗಂಡನಿಗೊಂದು, ಅಕ್ಕನಿಗೊಂದು.

ಎದುರಿಗೆ ಕೂತ ಚಿಪ್ಪಕ್ಕ ಅವಸರ ಮಾಡುವುದಿಲ್ಲ. ಸುಮಾರು ಹೊತ್ತಿನ ಮೇಲೆ ಆ ಹೆಂಗಸು ಗಂಡನ ಸಾಲಿಗೆ ಅಡ್ಡಗೆರೆ ಎಳೆಯುತ್ತಾರೆ. "ಅವರಿಗೆ ಕಣ್ಣಲ್ಲೇ ಹೇಳಿದ್ರೂ ಅರ್ಥ ಆಗುತ್ತೆ. ನಮ್ಮಕ್ಕಂಗೆ ಕಣ್ಣು ಕಾಣಲ್ಲ" ಎಂದು ಮೈಕಿಗೆ ಬಾಗುತ್ತಾರೆ.

ಸಂಬಳದ ಪಟ್ಟಿಯಲ್ಲಿ ಚಿಪ್ಪಕ್ಕ ಬರೀ 'ಉಪಕರಣ ಸಹಾಯಕಿ'. ಚಿಪ್ಪು ತುಂಬುವ ಅಕ್ಕ ಅಂತ ಯಾರೋ ಕರೆದದ್ದು ಸವೆದು ಸವೆದು ಚಿಪ್ಪಕ್ಕ ಆಗಿದೆ. "ಸದ್ಯ, ಆಮೆ ಅಂತ ಕರೀಲಿಲ್ಲವಲ್ಲ" ಎಂದು ನಗುತ್ತಾರೆ. ವಾರ್ಡಿನ ಕರೆಗಂಟೆ ರಿಪೇರಿಗೆಂದು ಇಪ್ಪತ್ಮೂರನೇ ವಯಸ್ಸಿಗೆ ಸೇರಿದವರಿಗೆ ಈಗ ನಲವತ್ತೆಂಟು. ಇದುವರೆಗೆ ಸಾವಿರದ ನೂರಕ್ಕೂ ಹೆಚ್ಚು ಜನರ ದನಿ ತುಂಬಿಸಿದ್ದಾರೆ. "ಊರವರ ಮಾತೆಲ್ಲ ಕೂಡಿಡ್ತಾಳೆ, ಮನೆಗೆ ಒಂದು ಮಾತೂ ತರಲ್ಲ" ಅನ್ನುವುದು ಅವರ ಯಜಮಾನರ ದೂರು. ಅದು ಸುಳ್ಳೇನಲ್ಲ.

ವಾರ್ಡಿಗೆ ಒಂದೇ ಪೆಟ್ಟಿಗೆ, ಅದರೊಳಗೆ ಉಗುರಗಲದ ಒಂದೇ ಮೆಮೊರಿ ಚಿಪ್ಪು. ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ರೋಗಿಯದೇ ದನಿಯಲ್ಲಿ "ನೀರು ಬೇಕು" ಎಂದು ಕೇಳುತ್ತದೆ. ಮನೆಗೆ ಹೋಗುವ ದಿನ ಅವರವರ ದನಿ ಅವರವರ ಜೇಬಿನ ಯಂತ್ರಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ನಕಲು ತೆಗೆಯುವಂತಿಲ್ಲ. ದನಿ ರೋಗಿಯ ಸ್ವಂತ ಸೊತ್ತು, ಪೆಟ್ಟಿಗೆಯಿಂದ ಹೊರಗೆ ಹೋಗಬಾರದೆಂಬುದು ಆಸ್ಪತ್ರೆಯ ನಿಯಮ. ದೊಡ್ಡ ಚಿಪ್ಪು ಹಾಕೋಣವೆಂದರೆ ಈ ಪೆಟ್ಟಿಗೆ ಅದನ್ನು ಒಪ್ಪುವುದಿಲ್ಲ, ಮಾಡಿದ ಕಂಪನಿಯೂ ಬಾಗಿಲು ಹಾಕಿದೆ.

"ಚಿಪ್ಪೂ ಕಾಗದದ ಹಾಗೇನೇ. ಬರೆದು ಅಳಿಸಿ, ಬರೆದು ಅಳಿಸಿ, ಒಂದಿನ ತೂತು ಬೀಳುತ್ತೆ. ತೇಪೆ ಹಾಕೋಕೆ ಖಾಲಿ ಜಾಗ ಇಟ್ಟಿರಬೇಕು" ಎಂದು ವಿವರಿಸುತ್ತಾರೆ. ಚಿಪ್ಪಿನೊಳಗೆ ಗೋಡೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಮಾಡಿದರೆ ಪ್ರತಿ ಕೋಣೆಗೂ ಬೇರೆ ಬೇರೆ ತೇಪೆ ಎತ್ತಿಡಬೇಕು, ಅಷ್ಟು ಮಾತಿಗೆ ಜಾಗ ಕಮ್ಮಿ. ಗೋಡೆ ತೆಗೆದರೆ ಎಲ್ಲರಿಗೂ ಜಾಸ್ತಿ ಮಾತು ಸಿಗುತ್ತದೆ, ಆದರೆ ಒಬ್ಬರ ತೂತು ಎಲ್ಲರನ್ನೂ ನುಂಗಬಹುದು.

ಒಂಬತ್ತು ವರ್ಷದ ಹಿಂದೆ ಅದೇ ಆಯಿತು. ಆಗ ವಾರ್ಡಿನಲ್ಲಿ ನಾಲ್ಕೇ ಹಾಸಿಗೆ. ತಲೆಗೆ ಇನ್ನೂರು ಸಾಲು ಸಾಲದೆಂದು ರೋಗಿಗಳು ಕಣ್ಣೀರು ಹಾಕುವುದನ್ನು ನೋಡಲಾರದೆ ಚಿಪ್ಪಕ್ಕ ತಾವೇ ಗೋಡೆ ತೆಗೆದರು. ತಲೆಗೆ ಅರವತ್ತು ಸಾಲು ಹೆಚ್ಚು ಸಿಕ್ಕಿತು, ವಾರ್ಡೆಲ್ಲ ಹರಸಿತು. ಎರಡನೇ ಹಾಸಿಗೆಯಲ್ಲಿ ಮಾತಿನಮಲ್ಲ ಬಸ್ ಕಂಡಕ್ಟರೊಬ್ಬರಿದ್ದರು. ಆಪರೇಷನ್ನಿಗೆ ಮುಂಚೆ ಮೂರು ವಾರ ಹಗಲೆಲ್ಲ ಹೇಳಿದ್ದನ್ನೇ ಅಳಿಸಿ, ಇನ್ನೂ ಚೆಂದಾಗಿ ಹೇಳುತ್ತ ಕೂತರು. ಮೊದಲೇ ಹಳೆಯದಾಗಿದ್ದ ಚಿಪ್ಪಿನಲ್ಲಿ ಎಲ್ಲರ ತೇಪೆಯೂ ಅವರೊಬ್ಬರಿಗೇ ಖರ್ಚಾಯಿತು. ಒಂದು ಮಧ್ಯಾಹ್ನ ಚಿಪ್ಪು ಬಾಯಿ ಮುಚ್ಚಿತು, ನಾಲ್ಕು ದನಿಯೂ ಹೋದವು.

ಮೂವರ ಗಂಟಲಿನ್ನೂ ಇತ್ತು, ಹೊಸ ಚಿಪ್ಪಿಗೆ ಮತ್ತೆ ಹೇಳಿದರು. ನಾಲ್ಕನೆಯವರು ಒಬ್ಬ ದರ್ಜಿ. ಅವರ ಆಪರೇಷನ್ ಹಿಂದಿನ ದಿನವಷ್ಟೇ ಮುಗಿದಿತ್ತು.

ಯಂತ್ರ ಕೆಟ್ಟಿತು ಅಂತ ಹೇಳಿ ಸುಮ್ಮನಿರು ಎಂದು ಮೇಲಿನವರು ಬುದ್ಧಿ ಹೇಳಿದರಂತೆ. ಚಿಪ್ಪಕ್ಕ ದರ್ಜಿಯ ಹಾಸಿಗೆಯ ಪಕ್ಕ ಕೂತು, ಗೋಡೆ ತೆಗೆದದ್ದು ನಾನೇ ಎಂದು ಒಪ್ಪಿಕೊಂಡರು. ಆತ ತುಂಬ ಹೊತ್ತು ಗೋಡೆ ಕಡೆ ತಿರುಗಿ ಮಲಗಿದ್ದರು. ಆಮೇಲೆ ಸ್ಲೇಟು ಎಳೆದುಕೊಂಡು ಬರೆದರು: "ಬಟ್ಟೆ ಉಳಿಸೋಕೆ ಹೋಗಿ ಹೊಲಿಗೆಗೆ ಅಂಚು ಬಿಡದೆ ನಾನೂ ಎಷ್ಟೋ ಅಂಗಿ ಕೆಡಿಸಿದೀನಮ್ಮ."

"ಬೈದಿದ್ರೆ ಎಷ್ಟೋ ವಾಸಿಯಿತ್ತು" ಎನ್ನುತ್ತಾರೆ ಚಿಪ್ಪಕ್ಕ.

ಸತ್ತ ಚಿಪ್ಪನ್ನು ಅವರು ಎಸೆಯಲಿಲ್ಲ. ಒಬ್ಬ ಗಡಿಯಾರ ರಿಪೇರಿಯವರ ಭೂತಗನ್ನಡಿ ಎರವಲು ತಂದು, ರಜೆಯ ದಿನಗಳಲ್ಲಿ ಸೂಜಿಯಂಥ ತಂತಿ ಬೆಸೆದು ಕೆದಕಿದರು. ಎರಡು ವರ್ಷ ಬರೀ ಗೊರಗೊರ ಸದ್ದು. ಅಷ್ಟರಲ್ಲಿ ದರ್ಜಿ ತೀರಿಕೊಂಡರು. ಆ ಸುದ್ದಿ ಬಂದು ಐದು ತಿಂಗಳಿಗೆ ನಾಲ್ಕು ಸೆಕೆಂಡು ಸಿಕ್ಕಿತು. ಮೊದಲ ದಿನ ಮೈಕಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡು ಆತ ಕೇಳಿದ್ದು: "ಹೂಂ... ಈಗ ಮಾತಾಡ್ಲಾ?"

ಚಿಪ್ಪಕ್ಕ ಆತನ ಮಗಳಿಗೆ ಹೇಳಿ ಕಳಿಸಿದರು. ಆಕೆ ಕೇಳಿ, ಇನ್ನೊಂದು ಸಲ ಹಾಕಿ ಎಂದರು. ನಾಲ್ಕನೇ ಸಲ ಕೇಳಿದಾಗ "ಹೂಂ ಅಪ್ಪಾ, ಮಾತಾಡು" ಎಂದು ಮೇಜಿಗೆ ತಲೆಯಿಟ್ಟು ಅತ್ತರಂತೆ.

ಈಗ ಅದೇ ವಾರ್ಡಿನಲ್ಲಿ ಆರು ಹಾಸಿಗೆ. ಜಾಗ ಸಾಲುತ್ತಿಲ್ಲ, ಗೋಡೆ ತೆಗೆಯಿರಿ ಎಂದು ಹೋದ ವರ್ಷ ಕಚೇರಿಯಿಂದ ಚೀಟಿ ಬಂತು. ಅವರು ಆಗುವುದಿಲ್ಲ ಎಂದು ಬರೆದು ಕಳಿಸಿದರು. ಬರೆದು ಸುಮ್ಮನೆ ಕೂರಲಿಲ್ಲ, ತಿಂಗಳುಗಟ್ಟಲೆ ಲೆಕ್ಕ ಹಾಕಿ ಒಂದು ದಾರಿ ಹುಡುಕಿದರು. ಆಪರೇಷನ್ ಆದವರು ಇನ್ನು ಹೊಸದೇನೂ ಹೇಳುವುದಿಲ್ಲ. ಹಾಗಾಗಿ ಅವರ ಕೋಣೆಗೆ ಬೀಗ: ಕೇಳಬಹುದು, ಬರೆಯುವಂತಿಲ್ಲ. ಬರೆಯದ ಕೋಣೆಗೆ ಹೆಚ್ಚು ತೇಪೆ ಬೇಡ. ಒಂಚೂರು ಉಳಿಸಿ ಮಿಕ್ಕದ್ದನ್ನು ಇನ್ನೂ ಮಾತಾಡುವವರಿಗೆ ಹಂಚುತ್ತಾರೆ. ಆರು ಪಾಲಾಗಿ ನೂರಿಪ್ಪತ್ತಕ್ಕೆ ಇಳಿದಿದ್ದದ್ದು ಇದರಿಂದ ತಲೆಗೆ ನೂರೈವತ್ತು ಸಾಲು ದಕ್ಕುತ್ತಿದೆ. ಆ ಮಧ್ಯಾಹ್ನದ ನಂತರ ಒಂದು ದನಿಯೂ ಹೋಗಿಲ್ಲ. ಹಾಗೆಂದು ಯಾರಾದರೂ ಹೊಗಳಿದರೆ ಚಿಪ್ಪಕ್ಕ ಎದ್ದು ತಂತಿ ಸುತ್ತಲು ಶುರುಮಾಡುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ಚಿಪ್ಪಕ್ಕ ಹೇಳುವುದು ಇಷ್ಟು: "ಜಾಗ ಇಲ್ಲ ಅಂದ ತಕ್ಷಣ ಜನ ಮೊದಲು ಬಿಡೋದು ಬೈಗುಳ. ಆಮೇಲೆ ತಮಾಷೆ. ನೀರು, ನೋವು, ಮಾತ್ರೆ, ಇಷ್ಟೇ ತುಂಬಿಸ್ಕೊಂಡು ಮನೆಗೆ ಹೋಗ್ತಾರೆ. ಗೋಡೆ ಮುಟ್ಟದೆ ಒಬ್ಬೊಬ್ಬರಿಗೆ ಇನ್ನೊಂದು ಹತ್ತು ಸಾಲು ಕೊಡೋಕಾದ್ರೆ ಸಾಕು. ಮನೆಯವರನ್ನ ಒಂದು ಸಲ ಬಾಯ್ತುಂಬ ಗದರಿಕೊಳ್ಳಲಿ."